ಹೆಸರಿಲ್ಲದ ಏಳು ಅಚ್ಚುಗಳು

1958ರ ಫೆಬ್ರವರಿಯ ಒಂದು ಬೆಳಿಗ್ಗೆ ಅಂಚೆಯವನು ಬಾಗಿಲಿಗೆ ಬಂದಾಗ ಉಜ್ಜಪ್ಪ ಒಬ್ಬ ಹೆಂಗಸಿನ ದವಡೆ ಹಲ್ಲನ್ನು ಇಕ್ಕಳದಲ್ಲಿ ಹಿಡಿದಿದ್ದ. ಹಲ್ಲು ಅಲ್ಲಾಡಿತ್ತು, ಬಂದಿರಲಿಲ್ಲ. ಹೆಂಗಸಿನ ಗಂಡ ಹಿಂದೆ ನಿಂತು ಅವಳ ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಅವನ ಕಣ್ಣು ಮುಚ್ಚಿತ್ತು, ಅವಳದು ತೆರೆದಿತ್ತು.

"ರಿಜಿಸ್ಟರ್ ಕಾಗದ ಐತ್ರಿ. ಸೈನ್ ಹಾಕ್ರಿ."

"ತಡಿಯಪಾ. ನಿನ್ನ ಕಾಗದ ಎಲ್ಲಿಗೂ ಓಡಿಹೋಗಲ್ಲ. ನಾ ಬಿಟ್ರೆ ಈಯಮ್ಮ ಓಡಿಹೋಗ್ತಾಳೆ."

ಹಲ್ಲು ಬಂತು. ಉಜ್ಜಪ್ಪ ಅದನ್ನು ಬೆಳಕಿಗೆ ಹಿಡಿದು, ಬೇರು ತುಂಡಾಗದೆ ಪೂರ್ತಿ ಬಂದಿದೆ ಎಂದು ಮೊದಲು ಹೆಂಗಸಿಗೆ, ಆಮೇಲೆ ಗಂಡನಿಗೆ ತೋರಿಸಿದ. ಅಂಚೆಯವನೂ ಬಗ್ಗಿ ನೋಡಿದ. ಆಮೇಲೆ ಉಜ್ಜಪ್ಪ ಕೈ ತೊಳೆದುಕೊಂಡು ರುಜು ಹಾಕಿ ಲಕೋಟೆ ತೆಗೆದುಕೊಂಡ.

ಶಿರಾಳಕೊಪ್ಪದ ಬಸ್ ನಿಲ್ಲುವ ಜಾಗದ ಎದುರು, ಬಳೆ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಅವನ ಹತ್ತಡಿ ಅಗಲದ ಕೋಣೆ. ಮುಂದೆ ಒಂದು ಮರದ ಕುರ್ಚಿ, ಒಂದು ಬೇಸಿನ್, ಒಂದು ಸ್ಟವ್. ಪರದೆಯ ಹಿಂದೆ ಹಲ್ಲಿನ ಸೆಟ್ ತಯಾರಿಸುವ ಜಾಗ. ಬಾಗಿಲ ಮೇಲಿನ ಹಲಗೆಯಲ್ಲಿ ನೀಲಿ ಅಕ್ಷರದಲ್ಲಿ ಬರೆದಿದ್ದದ್ದು ಇಷ್ಟೇ: 'ಉಜ್ಜಪ್ಪ, ದಂತವೈದ್ಯರು. ಹಲ್ಲು ಕೀಳಲಾಗುವುದು, ಕಟ್ಟಲಾಗುವುದು.'

ಕಾಗದ ಇಂಗ್ಲಿಷಿನಲ್ಲಿತ್ತು. ಮಿಡ್ಲ್ ಸ್ಕೂಲ್ ಪಾಸಾದ ಉಜ್ಜಪ್ಪ ಅದನ್ನು ಬೆರಳಿಟ್ಟು ಮೂರು ಸಲ ಓದಿದ. ದಂತವೈದ್ಯರ ಕಾಯಿದೆ ಬಂದು ಹತ್ತು ವರ್ಷವಾಗಿತ್ತು. ಕಾಲೇಜಿನಲ್ಲಿ ಓದಿ ಡಿಗ್ರಿ ಪಡೆದವರ ಹೆಸರು ಪಟ್ಟಿಯ ಮೊದಲ ಭಾಗಕ್ಕೆ. ಓದದಿದ್ದರೂ ಕಾಯಿದೆಗೆ ಮೊದಲು ಐದು ವರ್ಷ ಇದೇ ಕಸುಬಿನಲ್ಲಿ ಹೊಟ್ಟೆ ಹೊರೆದವರ ಹೆಸರು ಎರಡನೆಯ ಭಾಗಕ್ಕೆ. ಉಜ್ಜಪ್ಪ ಅರ್ಜಿ ಹಾಕಿದ್ದು ಬಹಳ ಹಿಂದೆ. ಅದರ ಜೊತೆಗಿಟ್ಟ ಗುರುವಿನ ಪತ್ರವನ್ನು ಕಚೇರಿಯವರು ಈಗ ಹಿಂದಕ್ಕೆ ಕಳಿಸಿದ್ದರು. ಜೊತೆಗೆ ಎರಡು ಸಾಲು: ಪತ್ರದ ಭಾಷೆ ತಿಳಿಯುವುದಿಲ್ಲ. 1943ಕ್ಕಿಂತ ಹಿಂದೆ ವೃತ್ತಿಯಲ್ಲಿದ್ದ ಬಗ್ಗೆ ಬೇರೆ ಸಾಕ್ಷ್ಯವನ್ನು ತಾಲ್ಲೂಕು ಕಚೇರಿಯ ಮೂಲಕ ಎರಡು ತಿಂಗಳೊಳಗೆ ಒದಗಿಸದಿದ್ದಲ್ಲಿ ಅರ್ಜಿಯನ್ನು ವಜಾ ಮಾಡಲಾಗುವುದು.

ವಜಾ ಆದರೆ ಹಲಗೆ ಇಳಿಸಬೇಕು. ಇಳಿಸದಿದ್ದರೆ ದಂಡ, ಆಮೇಲೂ ಮುಂದುವರಿಸಿದರೆ ಜೈಲು. ಅವನಿಗೆ ನಲವತ್ತನಾಲ್ಕು ವರ್ಷ. ಸೊರಬದ ಕಡೆಯ ಊರಿನಲ್ಲಿ ಜಮೀನು ಪಾಲಾದಾಗ, 'ನಿನಗೆ ಕಸುಬು ಐತಲ್ಲ' ಎಂದು ಅಣ್ಣಂದಿರು ಅವನನ್ನು ಬಿಟ್ಟು ಪಾಲು ಮಾಡಿಕೊಂಡಿದ್ದರು. ಅವನೂ ಹೂಂ ಅಂದಿದ್ದ.

ಹಿಂದಕ್ಕೆ ಬಂದ ಪತ್ರ ಚೀನೀ ಭಾಷೆಯದು. ಉಜ್ಜಪ್ಪ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಹಲ್ಲಿನ ಅಂಗಡಿ ಇಟ್ಟಿದ್ದ ಚಾನ್ ಎಂಬ ಚೀನಾದವನ ಹತ್ತಿರ ಆರು ವರ್ಷ ಕೆಲಸ ಕಲಿತ. ಬಿಡುವ ದಿನ ಚಾನ್ ಕುಂಚದಲ್ಲಿ ಎರಡು ಕಂಬ ಅಕ್ಷರ ಬರೆದು, ಕೆಂಪು ಮುದ್ರೆ ಒತ್ತಿ ಕೊಟ್ಟ. ಅದರಲ್ಲಿ ಏನಿದೆ ಎಂದು ಉಜ್ಜಪ್ಪ ಕೇಳಲಿಲ್ಲ. ಚಾನ್ ಯುದ್ಧದ ಕಾಲದಲ್ಲಿ ಅಂಗಡಿ ಮುಚ್ಚಿ ಕಲ್ಕತ್ತೆಯ ಕಡೆ ಹೋದವನು ತಿರುಗಿ ಬರಲಿಲ್ಲ. ಆ ಎರಡು ಕಂಬವನ್ನು ಓದುವವರು ಶಿವಮೊಗ್ಗ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

"ಅದರಾಗೆ ಇವನಿಗೆ ಹಲ್ಲು ಕೀಳಕ್ಕೆ ಬರಲ್ಲ ಅಂತ ಬರೆದಿದ್ರೂ ನಮಗೆ ಗೊತ್ತಾಗಲ್ಲ ಬಿಡ್ರಿ," ಅಂದಳು ಹೆಂಡತಿ ಗುತ್ಯಮ್ಮ. ಅವಳದು ಚಂದ್ರಗುತ್ತಿಯ ಕಡೆ. ಎದುರು ಮಾತಾಡುವುದರಲ್ಲಿ ಮೊದಲಿನಿಂದಲೂ ಮುಂದು.

ವಿಚಾರಣೆ ತಾಲ್ಲೂಕು ಕಚೇರಿಯಿಂದ ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕ್ದಾರರಿಗೆ ಬಂತು. ಪಂಚಾಕ್ಷರಪ್ಪ ಶೇಕ್ದಾರರು ನಿಧಾನದ ಮನುಷ್ಯ. ಬೇರೆಯವರು ಜಮೀನಿನ ಒಂದು ಬದು ನೋಡುವಷ್ಟರಲ್ಲಿ ಅವರು ಅರ್ಧ ಬದು ನೋಡುತ್ತಿದ್ದರು, ಆದರೆ ಅವರು ನೋಡಿದ ಅರ್ಧದ ಮೇಲೆ ಯಾರೂ ಮೇಲ್ಮನವಿ ಹಾಕಿದ್ದಿಲ್ಲ. ಉಜ್ಜಪ್ಪ ಅವರ ಮುಂದೆ ಬಸ್ ನಿಲ್ದಾಣದ ಹನ್ನೆರಡು ಮಂದಿಯನ್ನು ನಿಲ್ಲಿಸಿದ. ಎಲ್ಲರ ಬಾಯಲ್ಲೂ ಉಜ್ಜಪ್ಪ ಕಿತ್ತ ಹಲ್ಲಿನ ಜಾಗ ಖಾಲಿ ಇತ್ತು.

"ಯಾವ ವರ್ಷ ಕಿತ್ತಿದ್ದು?"

"ಬಾಳ ವರ್ಷ ಆತ್ರಿ. ಕೆರೆ ಒಡೆದ ವರ್ಷ ಇರಬೇಕು."

"ಕೆರೆ ಎರಡು ಸಲ ಒಡದೈತಿ. ಯಾವ ಸಲದ್ದು?"

"ಹಲ್ಲು ನೋವಾಗ ಕೆರೆ ಯಾರು ನೋಡ್ತಾರ್ರಿ?"

ಹನ್ನೆರಡನೆಯವನ ತನಕ ಹೀಗೇ ಆಯಿತು. ಶೇಕ್ದಾರರು ಪೆನ್ನಿನ ಮುಚ್ಚಳ ಹಾಕಿ ಹೇಳಿದರು: "ಉಜ್ಜಪ್ಪ, ಕಿತ್ತ ಜಾಗದಾಗೆ ತಾರೀಖು ಇರಲ್ಲ. ಕಟ್ಟಿದ್ದು ಏನಾದ್ರೂ ಇದ್ರೆ ತೋರಿಸು."

ಕಟ್ಟಿದ್ದು ಇತ್ತು. ಪರದೆಯ ಹಿಂದಿನ ಅಟ್ಟದ ಮೇಲೆ, ಸೋಪಿನ ಪೆಟ್ಟಿಗೆಗಳಲ್ಲಿ, ಹತ್ತೊಂಬತ್ತು ವರ್ಷಗಳ ಪ್ಲಾಸ್ಟರ್ ಅಚ್ಚುಗಳಿದ್ದವು. ಸೆಟ್ ಮಾಡುವ ಮೊದಲು ಬಾಯಿಯ ಪಡಿಯಚ್ಚು ತೆಗೆಯಬೇಕು. ಮೇಣ, ಪಿಂಗಾಣಿ ಹಲ್ಲು, ವಸಡಿನ ಜಾಗದ ರಬ್ಬರು ಎಲ್ಲ ಅದರ ಮೇಲೆಯೇ ಕೂರುವುದು. ಚಾನ್ ಕಲಿಸಿದ ಹಾಗೆ ಉಜ್ಜಪ್ಪ ಪ್ರತಿ ಅಚ್ಚಿನ ಬುಡದಲ್ಲೂ ಮೊಳೆಯಿಂದ ತಾರೀಖು ಕೊರೆಯುತ್ತಿದ್ದ. ಹೆಸರು ಕೊರೆಯುತ್ತಿರಲಿಲ್ಲ.

ಅದಕ್ಕೆ ಕಾರಣ ಆ ಸೀಮೆಯ ರೂಢಿ. ಹಲ್ಲು ಕೀಳಿಸಿಕೊಳ್ಳುವವರು ಸಂತೆಯ ದಿನ ಹತ್ತು ಜನರ ಎದುರು ಬಾಯಿ ತೆರೆದು ಕೂರುತ್ತಿದ್ದರು. ಕಟ್ಟಿಸಿಕೊಳ್ಳುವವರು ಹಿಂದಿನ ಬಾಗಿಲಿನಿಂದ ಬರುತ್ತಿದ್ದರು. ಬಂದವರು ಮೊದಲು ಆಡುತ್ತಿದ್ದ ಮಾತು ಒಂದೇ: 'ಎಲ್ಲೂ ನನ್ನ ಹೆಸರು ಬರೀಬ್ಯಾಡ.' ಕಟ್ಟಿಸಿದ ಹಲ್ಲು ಎಂದರೆ ಮುಪ್ಪು ಒಪ್ಪಿಕೊಂಡ ಹಾಗೆ. ಪಂಚಾಯ್ತಿಯಲ್ಲಿ ಮಾತಾಡುವವರಿಗೆ, ಮಗಳಿಗೆ ಗಂಡು ನೋಡುವವರಿಗೆ, ಎರಡನೆಯ ಮದುವೆಯ ಯೋಚನೆ ಇರುವವರಿಗೆ ಅದು ಹೊರಗೆ ಬರುವ ಮಾತಲ್ಲ. ಹಾಗಾಗಿ ಹೆಸರುಗಳು ಉಜ್ಜಪ್ಪನ ತಲೆಯಲ್ಲಿ ಮಾತ್ರ ಇದ್ದವು.

1943ಕ್ಕಿಂತ ಹಿಂದಿನ ಅಚ್ಚುಗಳು ಏಳು ಸಿಕ್ಕವು. ಅವನ್ನು ಚಾಪೆಯ ಮೇಲೆ ಸಾಲಾಗಿಟ್ಟು ಉಜ್ಜಪ್ಪ ನೋಡಿದ. ಬೇರೆಯವರಿಗೆ ಅವು ಏಳು ಬಿಳಿ ಗಟ್ಟಿ. ಅವನಿಗೆ ಏಳು ಮುಖ. ಅದರಲ್ಲಿ ನಾಲ್ಕು ಮಂದಿ ತೀರಿಕೊಂಡಿದ್ದರು. ಅವರ ಸೆಟ್ಟುಗಳೂ ಅವರ ಜೊತೆಗೇ ಹೋಗಿದ್ದವು. ಈ ಕಡೆಯ ಶಿವಾಚಾರದವರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಬಂದವರೆಲ್ಲ ಮುಖ ನೋಡುವ ಹಾಗೆ ಇಡುತ್ತಾರೆ, ಕೂತ ಭಂಗಿಯಲ್ಲೇ ಸಮಾಧಿಗೆ ಇಳಿಸುತ್ತಾರೆ. ಕೆನ್ನೆ ಒಳಗೆ ಹೋದರೆ ಮುಖ ಗುರುತು ಸಿಗುವುದಿಲ್ಲ. ಅದಕ್ಕೆ ಸೆಟ್ ಹಾಕಿಯೇ ಕೂರಿಸುತ್ತಿದ್ದರು. ಎರಡು ಸಲ ಅದನ್ನು ಹಾಕಲು ಉಜ್ಜಪ್ಪನನ್ನೇ ಕರೆದಿದ್ದರು.

ಐದನೆಯವರು ಮಗಳ ಜೊತೆ ಮುಂಬಯಿ ಕಡೆ ಹೋಗಿ ಎಷ್ಟೋ ವರ್ಷವಾಗಿತ್ತು, ವಿಳಾಸವಿರಲಿಲ್ಲ. ಉಳಿದವರು ಇಬ್ಬರು. ಸೊರಬದ ಜಮೀನುದಾರ ಉಚ್ಚಂಗಪ್ಪ, ತಾಳಗುಂದದ ತೋಟಪ್ಪ ಗೌಡರು.

ಮೊದಲು ಸೊರಬದ ಬಸ್ ಹತ್ತಿದ. ಉಚ್ಚಂಗಪ್ಪನ ಜಗುಲಿಯಲ್ಲಿ ಆ ದಿನ ಕಿರಿಮಗಳನ್ನು ನೋಡಲು ಬಂದ ಬೀಗರ ಕಡೆಯವರು ಐದಾರು ಜನ ಕೂತಿದ್ದರು. ಉಜ್ಜಪ್ಪ ಕಣ್ಣಿನಲ್ಲೇ ಒಳಗೆ ಕರೆದ. ಉಚ್ಚಂಗಪ್ಪ ಏಳಲಿಲ್ಲ. ಉಜ್ಜಪ್ಪ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಲು ಶುರುಮಾಡಿದ. 'ಸೆಟ್' ಎಂಬ ಮಾತು ಬರುತ್ತಲೇ ಉಚ್ಚಂಗಪ್ಪ ಗಟ್ಟಿಯಾಗಿ ನಕ್ಕ.

"ಎಂತ ಮಾರಾಯ, ಯಾರ ಹಲ್ಲು? ನಂದಾ? ಯಾರನ್ನೋ ನೋಡಿ ನಾನು ಅಂದ್ಕಂಡಿಯಲ್ಲ ನೀನು!"

ತಟ್ಟೆಯಿಂದ ಕಲ್ಲಿನಂಥ ಒಂದು ಇಡೀ ಗೋಟಡಿಕೆ ತೆಗೆದು ಬಾಯಿಗೆ ಹಾಕಿ, ಎಲ್ಲರೂ ಕೇಳುವ ಹಾಗೆ ಕಟಕ್ಕನೆ ಕಡಿದ. ಬೀಗರು ಮೆಚ್ಚಿ ತಲೆಯಾಡಿಸಿದರು. ಉಜ್ಜಪ್ಪನಿಗೆ ಆ ಸದ್ದಿನಲ್ಲಿ ಅಡಿಕೆಯಲ್ಲದೆ ಇನ್ನೊಂದು ಸದ್ದೂ ಕೇಳಿಸಿತು. ಸೆಟ್ಟಿನ ರಬ್ಬರಿಗೆ ಹದಿನಾರು ವರ್ಷವಾಗಿತ್ತು. ಮೇಲಿನ ಸೆಟ್, ಎಡಗಡೆ, ಎಂದು ಮನಸ್ಸಿನಲ್ಲೇ ಅಂದುಕೊಂಡು, ಕೊಟ್ಟ ಮಜ್ಜಿಗೆ ಕುಡಿದು, ಮಧ್ಯಾಹ್ನದ ಬಸ್ಸಿಗೆ ವಾಪಸಾದ.

ತಾಳಗುಂದ ಶಿರಾಳಕೊಪ್ಪಕ್ಕೆ ಸೈಕಲ್ ದಾರಿ. ತೋಟಪ್ಪ ಗೌಡರಿಗೆ ಎಪ್ಪತ್ತು. ಪಡಸಾಲೆಯ ಗೋಡೆಯ ಮೇಲೆ ಅವರ ದೊಡ್ಡ ಫೋಟೋ ಇತ್ತು. ಆ ಕಾಲದವರು ಫೋಟೋಕ್ಕೆ ಕೂತರೆ ಬಾಯಿ ಬಿಗಿದು ಕೂರುತ್ತಿದ್ದರು. ಈ ಫೋಟೋದಲ್ಲಿ ಗೌಡರು ಕೋಟು ಪೇಟ ಹಾಕಿಕೊಂಡು, ಮೇಲಿನ ಸಾಲು ಕೆಳಗಿನ ಸಾಲು ಎರಡೂ ಕಾಣುವಂತೆ ನಗುತ್ತಿದ್ದರು. ಉಜ್ಜಪ್ಪ ಯಾವಾಗ ಬಂದರೂ ಅದರ ಕೆಳಗೇ ಕೂರುತ್ತಿದ್ದ.

"ಗೌಡ್ರೇ, ಒಂದು ಮಾತು ಕೇಳಕ್ಕೆ ಬಂದೀನಿ."

"ಹಲ್ಲಿನ ಮಾತಾದ್ರೆ ಮೆಲ್ಲಕೆ ಆಡು. ಹೊರಗೆ ಆಳು ಅದಾರೆ."

ಉಜ್ಜಪ್ಪ ಮೆಲ್ಲಗೆ ಆಡಿದ. ಗೌಡರು ಪೂರ್ತಿ ಕೇಳಿದರು.

"ಅಂದ್ರೆ ನಾನು ಶಿಕಾರಿಪುರಕ್ಕೆ ಬಂದು, ತಾಲ್ಲೂಕು ಕಚೇರಿ ಒಳಗೆ ಬಾಯಿಂದ ಹಲ್ಲು ತೆಗೆದು ಮೇಜಿನ ಮ್ಯಾಲೆ ಇಡಬೇಕು."

"ಹೌದ್ರಿ. ಅಚ್ಚಿನ ಮ್ಯಾಲೆ ಕೂರಿಸಿ ತೋರಿಸ್ತೀನಿ. ಒಬ್ಬರ ಸೆಟ್ ಇನ್ನೊಬ್ಬರ ಅಚ್ಚಿಗೆ ಕೂರಲ್ಲ. ಅಚ್ಚಿನ ಬುಡದಾಗೆ ತಾರೀಖು ಐತಿ."

"ಇಡೀ ಕಚೇರಿ ನೋಡ್ತತಿ."

"ನೋಡ್ತತ್ರಿ."

ಒಳಗಿನಿಂದ ಗೌಡರ ಹೆಂಡತಿ ರಾಜೇಶ್ವರಮ್ಮನವರ ದನಿ ಬಂತು. "ನೋಡಿದ್ರೆ ನೋಡ್ಲಿ. ಎಪ್ಪತ್ತು ವರ್ಷದ ಮುದುಕನ ಬಾಯಾಗೆ ಒಂದೂ ಹುಳುಕಿಲ್ಲದಂಗೆ ಮೂವತ್ತು ಹಲ್ಲು ಅಂದ್ರೆ ಯಾರು ನಂಬ್ತಾರೆ? ಊರಿಗೆಲ್ಲ ಗೊತ್ತೈತಿ. ಗೊತ್ತಿಲ್ಲ ಅಂದ್ಕಂಡಿರೋದು ನೀವೊಬ್ರೇ."

"ಕೇಳಿದೇನೋ?" ಅಂದರು ಗೌಡರು ಉಜ್ಜಪ್ಪನಿಗೆ. "ನಾನೂ ಹದಿನೇಳು ವರ್ಷದಿಂದ ಇದನ್ನೇ ಕೇಳ್ಕಂತ ಬಂದೀನಿ."

ಒಪ್ಪಿಕೊಂಡರು. ವಿಚಾರಣೆ ಮಾರ್ಚ್ ಇಪ್ಪತ್ತೆಂಟಕ್ಕೆ ಗೊತ್ತಾಯಿತು. ಅದಕ್ಕೆ ನಾಲ್ಕು ದಿನ ಮುಂಚೆ ಗೌಡರು ಗಾಡಿ ಕಟ್ಟಿಸಿಕೊಂಡು ಶಿರಾಳಕೊಪ್ಪಕ್ಕೆ ಬಂದು, ಮೊದಲ ಬಾರಿಗೆ ಮುಂದಿನ ಬಾಗಿಲಿನಿಂದಲೇ ಒಳಗೆ ಬಂದರು. ಕೆಳಗಿನ ಸೆಟ್ಟಿನಲ್ಲಿ ಒಂದು ಪಿಂಗಾಣಿ ಹಲ್ಲು ಕಳಚಿಹೋಗಿತ್ತು.

"ಅಧಿಕಾರಿ ಮುಂದೆ ಇಟ್ಟಾಗ ಒಂದು ಹಲ್ಲು ಕಡಿಮೆ ಇದ್ರೆ ನನಗಲ್ಲ, ನಿನಗೇ ಅವಮಾನ. ಸರಿ ಮಾಡು. ನಾಕು ದಿನ ಗಂಜಿ ಕುಡಿತೀನಿ."

ಸೆಟ್ ಎರಡೂ ಉಜ್ಜಪ್ಪನ ಬಳಿಯೇ ಉಳಿದವು. ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು, 2-5-41 ಎಂದು ಕೊರೆದಿದ್ದ ಅಚ್ಚಿನ ಮೇಲೆ ಇಟ್ಟು ನೋಡಿದ. ಮುಚ್ಚಳ ಡಬ್ಬಿಗೆ ಕೂತ ಹಾಗೆ ಕೂತಿತು. ಗುತ್ಯಮ್ಮನನ್ನು ಕರೆದು ತೋರಿಸಿದ. ಅವಳು ಅಚ್ಚನ್ನು ತಲೆಕೆಳಗೆ ಮಾಡಿ ಅಲ್ಲಾಡಿಸಿದಳು. ಸೆಟ್ ಬೀಳಲಿಲ್ಲ.

ಮಾರ್ಚ್ ಇಪ್ಪತ್ತೇಳರ ಬೆಳಿಗ್ಗೆ ತಾಳಗುಂದದಿಂದ ಗೌಡರ ಮನೆಯ ಆಳು ಕೆಂಪಪ್ಪ ಸೈಕಲ್ಲಿನಲ್ಲಿ ಬಂದ. ಗೌಡರು ನಸುಕಿಗೆ ಎದ್ದು ಹಿತ್ತಲಿಗೆ ಹೋದವರು ಅಲ್ಲೇ ಕುಸಿದು ತೀರಿಕೊಂಡಿದ್ದರು.

"ಅವ್ವಾರು ಹಲ್ಲು ತರಕ್ಕೆ ಹೇಳ್ಯಾರೆ. ಬಾಯಿ ಬಿಗಿಯೋದ್ರೊಳಗೆ ಬರಬೇಕಂತೆ."

ಉಜ್ಜಪ್ಪ ಕುರ್ಚಿಯಲ್ಲಿ ಕೂತಿದ್ದವನನ್ನು ಎಬ್ಬಿಸಿ ನಾಳೆ ಬಾ ಅಂದ. ಪರದೆಯ ಹಿಂದೆ ಹೋದ. ಸತ್ತವರ ದವಡೆ ಎರಡು ಮೂರು ಗಂಟೆಯಲ್ಲಿ ಬಿಗಿಯುತ್ತದೆ, ಆಮೇಲೆ ಯಾರಿಂದಲೂ ತೆರೆಯಲಾಗದು ಎಂಬುದು ಅವನಿಗೆ ಗೊತ್ತಿತ್ತು. ಅಷ್ಟರೊಳಗೆ ಶಿಕಾರಿಪುರಕ್ಕೆ ಹೋಗಿ ತೋರಿಸಿ ಬರುವುದು ಆಗದ ಮಾತು. ಗುತ್ಯಮ್ಮ ಬಾಗಿಲಿಗೆ ಬಂದು ನಿಂತಳು.

"ಇವತ್ತು ಹಾಕಿದ್ರೆ ನಾಳೆ ಏನ್ ತೋರಿಸ್ತೀರಿ?"

ಉಜ್ಜಪ್ಪ ಸೆಟ್ ಎರಡನ್ನೂ ಅಚ್ಚಿನಿಂದ ಬಿಡಿಸಿದ.

"ನಾ ಒಂದ್ ಹೇಳ್ತೀನಿ ಕೇಳ್ರಿ. ಮೇಲಿಂದು ಹಾಕ್ರಿ, ಕೆಳಗಿಂದು ಇಟ್ಕಳ್ರಿ. ಬಾಯಿ ಮುಚ್ಚಿರ್ತತಿ, ಗಡ್ಡಕ್ಕೆ ಬಟ್ಟೆ ಕಟ್ಟಿರ್ತಾರೆ. ಯಾರು ಎಣಿಸ್ತಾರೆ?"

ಅದು ಹುಡುಗಾಟದ ಮಾತಾಗಿರಲಿಲ್ಲ. ಉಜ್ಜಪ್ಪನೂ ಹಾಗೆ ತೆಗೆದುಕೊಳ್ಳಲಿಲ್ಲ. ಮೇಲಿನ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟ. ಕೆಳಗಿನದನ್ನು ಬೇರೆ ಸುತ್ತಿ, ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡಿದ್ದು, ಅಂಗಿಯ ಜೇಬಿಗೆ ಹಾಕಿದ. ಅಚ್ಚನ್ನು ಅಲ್ಲೇ ಬಿಟ್ಟ. ದಾರಿಯುದ್ದಕ್ಕೂ ಸೈಕಲ್ ತುಳಿಯುವಾಗ ಜೇಬಿನದು ಎದೆಗೆ ಬಡಿಯುತ್ತಿತ್ತು.

ತಾಳಗುಂದದ ಮನೆಯ ಪಡಸಾಲೆಯಲ್ಲಿ ಗೌಡರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಬಿದ್ದಿತ್ತು. ಹೂವಿನ ಬುಟ್ಟಿ ಬಂದಿತ್ತು, ಹಾಕಿರಲಿಲ್ಲ. ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು. ಕಂಬದ ಹತ್ತಿರ ಕೊಡೆ ಹಿಡಿದು ಪಂಚಾಕ್ಷರಪ್ಪ ಶೇಕ್ದಾರರು ನಿಂತಿದ್ದರು. ಗೌಡರ ದೂರದ ನೆಂಟ ಅವರು. ಸುದ್ದಿ ಕೇಳಿ ಬಂದಿದ್ದರು.

ಗೌಡರ ಮಗ ಪರಮಶಿವಪ್ಪ ಒಂದು ಪಂಚೆಯನ್ನು ಅಡ್ಡ ಹಿಡಿಸಿದ. ಕಂಬದ ಪಕ್ಕದಿಂದ ಶೇಕ್ದಾರರಿಗೆ ಮಾತ್ರ ಒಳಗಡೆ ಕಾಣುತ್ತಿತ್ತು. ಉಜ್ಜಪ್ಪ ಗಡ್ಡಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ದವಡೆ ಆಗಲೇ ಬಿಗಿಯಲು ಶುರುವಾಗಿತ್ತು. ಕಿವಿಯ ಮುಂದಿನ ಕೀಲುಗಳನ್ನು ಎರಡೂ ಅಂಗೈಯಲ್ಲಿ ಒತ್ತಿ, ಬಿಸಿ ತಾಗುವಷ್ಟು ಹೊತ್ತು ಹಿಡಿದು, ಹೆಬ್ಬೆರಳಿನಿಂದ ನಿಧಾನವಾಗಿ ಕೆಳಗೆ ಒತ್ತಿದ. ಬಾಯಿ ಎರಡು ಬೆರಳಿನಷ್ಟು ತೆರೆಯಿತು. ಮೇಲಿನ ಸೆಟ್ ಒಳಗೆ ಹೋಗಿ ಕೂತಿತು. ತುಟಿ ಮುಚ್ಚಿದ.

ಮೇಲಿನ ತುಟಿ ಎದ್ದು ನಿಂತಿತ್ತು. ಕೆಳಗಿನದು ಒಳಗೆ ಸೇದಿಹೋಗಿ, ಗಡ್ಡ ಮೂಗಿನ ಕಡೆಗೆ ಬಂದಿತ್ತು. ಅದು ತೋಟಪ್ಪ ಗೌಡರ ಮುಖವಾಗಿರಲಿಲ್ಲ. ಯಾರದೋ ಕೋಪದ ಮುಖ. ತಲೆಯ ಮೇಲೆ, ಗೋಡೆಯಲ್ಲಿ, ಫೋಟೋದ ಗೌಡರು ಎರಡೂ ಸಾಲು ತೋರಿಸಿ ನಗುತ್ತಿದ್ದರು.

ಪಂಚೆಯ ಒಳಬದಿಗೆ ರಾಜೇಶ್ವರಮ್ಮ ಬಂದು ನಿಂತರು. ಹದಿನೇಳು ವರ್ಷ ಪ್ರತಿ ರಾತ್ರಿ ಆ ಎರಡು ಸೆಟ್ಟುಗಳನ್ನು ಬೋಗುಣಿಯ ನೀರಿಗೆ ಹಾಕಿಟ್ಟವರು ಅವರೇ. ಅವರು ಗಂಡನ ಮುಖವನ್ನೇ ನೋಡಿದರು. ಉಜ್ಜಪ್ಪ ಜೇಬಿಗೆ ಕೈ ಹಾಕಿ ಕೆಳಗಿನದನ್ನು ತೆಗೆದ.

ಪಂಚೆ ಇಳಿಸಿದಾಗ ಹೆಂಗಸರ ಸಾಲಿನಿಂದ ಅಳು ಎದ್ದಿತು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಹೂ ಹಾಕಲು ಹೇಳಿದರು. ಉಜ್ಜಪ್ಪ ಹೊರಗೆ ಬಂದು ಕೈ ತೊಳೆಯುವಾಗ ಶೇಕ್ದಾರರು ಪಕ್ಕಕ್ಕೆ ಬಂದರು.

"ನಾಳೆ ತರಬೇಕಾಗಿದ್ದ ವಸ್ತು ಅದೇ ಅಲ್ಲೇನೋ?"

"ಅದೇ ರೀ."

"ಹಾಂ," ಅಂದು ಅವರು ಕೊಡೆ ಬಿಚ್ಚಿದರು.

ಮರುದಿನ ಉಜ್ಜಪ್ಪ ಶಿಕಾರಿಪುರದ ತಾಲ್ಲೂಕು ಕಚೇರಿಗೆ ಏಳು ಅಚ್ಚುಗಳನ್ನೂ ಚೀನೀ ಪತ್ರವನ್ನೂ ತೆಗೆದುಕೊಂಡು ಹೋದ. ಶೇಕ್ದಾರರು ಅಚ್ಚುಗಳನ್ನು ಒಂದೊಂದಾಗಿ ತಿರುಗಿಸಿ ತಾರೀಖು ಬರೆದುಕೊಂಡರು.

"ಇದನ್ನ ನೀನು ನಿನ್ನೆ ಕೊರೆದಿಲ್ಲ ಅನ್ನೋಕೆ ಏನೈತಿ?"

"ನೀವೇ ಕಣ್ಣಾರೆ ಹಲ್ಲು ನೋಡಿದ್ರಲ್ರಿ, ಸ್ವಾಮಿ."

"ಹಲ್ಲು ನೋಡಿದೆ. ಸಾವಿರದ ಒಂಬೈನೂರ ನಲವತ್ತೊಂದು ನೋಡಲಿಲ್ಲ."

ಹಾಳೆಯ ಮೇಲೆ ಅವರು ಬರೆದದ್ದು: 'ಸಾಕ್ಷಿದಾರರು ಮೃತರಾಗಿದ್ದಾರೆ. ವಸ್ತು ಲಭ್ಯವಿಲ್ಲ. ಹದಿನೈದು ದಿನಗಳ ಕಡೆಯ ವಾಯಿದೆ ಕೊಡಲಾಗಿದೆ.' ಉಜ್ಜಪ್ಪ ರುಜು ಹಾಕಿ, ಅಚ್ಚುಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿಕೊಂಡು ಬಸ್ ಹತ್ತಿದ. ಆ ವಾರ ಬಂದವರ ಹಲ್ಲು ಕಿತ್ತ. ಸೆಟ್ ಕಟ್ಟಿಸಲು ಬಂದ ಇಬ್ಬರಿಗೆ, ಸ್ವಲ್ಪ ದಿನ ತಡೀರಿ, ಶುರು ಮಾಡಿ ನಡುವೆ ಬಿಡೋ ಹಂಗಾಗಬಾರದು ಅಂದ. ಗುತ್ಯಮ್ಮ ಕೆಳಗಿನ ಸೆಟ್ಟಿನ ಮಾತನ್ನು ಎತ್ತಲಿಲ್ಲ. ಸೈಕಲ್ ಅಂಗಡಿಯವನು ಮಾತ್ರ, "ನಿಮ್ಮ ಕೋಣೆ ಖಾಲಿಯಾದ್ರೆ ಮೊದಲು ನನಗೆ ಹೇಳ್ರಿ," ಎಂದು ಎರಡು ಸಲ ಕೇಳಿದ.

ಹನ್ನೊಂದನೆಯ ದಿನದ ಊಟಕ್ಕೆ ತಾಳಗುಂದದಿಂದ ಹೇಳಿಕೆ ಬಂತು. ಉಜ್ಜಪ್ಪ ಹೋದ. ಶೇಕ್ದಾರರೂ ಬಂದಿದ್ದರು. ಪೂಜೆಗೆ ಇಡಲು ಪರಮಶಿವಪ್ಪ ಗೋಡೆಯ ಫೋಟೋ ಇಳಿಸಿದ. ಹದಿನೇಳು ವರ್ಷ ಇಳಿಸದೆ ಇದ್ದದ್ದು. ಹಿಂದೆ ಜೇಡರ ಬಲೆ, ಧೂಳು. ಒರೆಸಲು ಬಟ್ಟೆ ತಂದ ರಾಜೇಶ್ವರಮ್ಮ ಫೋಟೋವನ್ನು ಬೋರಲು ಮಾಡಿಕೊಂಡು ಒರೆಸುತ್ತಾ, ಪಕ್ಕದಲ್ಲಿದ್ದ ಹೆಂಗಸಿಗೆ ಹೇಳಿದರು:

"ಹಲ್ಲು ಬಂದು ವಾರ ಆಗಿರಲಿಲ್ಲ, ಫೋಟೋ ತೆಗಿಸ್ಬೇಕು ಅಂತ ಕುಣಿದ್ರು. ಅದಕ್ಕೆ ಮುಂಚೆ ಮೂರು ವರ್ಷ ಬಾಯಿಗೆ ಟವೆಲ್ ಅಡ್ಡ ಇಟ್ಕಂಡೇ ಮಾತಾಡೋರು. ಶಿವಮೊಗ್ಗಕ್ಕೆ ಹೋಗಿ ಬರಕ್ಕೆ ಎರಡು ದಿನ. ನಗಬ್ಯಾಡ್ರಿ ಅಂತ ಫೋಟೋದವ್ನು ಹೇಳಿದ್ರೂ ಕೇಳಲಿಲ್ವಂತೆ. ಕಟ್ಟಿಸಿದ್ದು ಮತ್ಯಾಕೆ ಅಂದ್ರಂತೆ."

ಧೂಳಿನ ಕೆಳಗಿನಿಂದ ನೇರಳೆ ಬಣ್ಣದ ಒಂದು ಗುಂಡನೆಯ ಮುದ್ರೆ ಕಾಣಿಸಿತು.

ಶೇಕ್ದಾರರು ಎಲೆಯ ಮುಂದೆ ಕೂರಲು ಹೊರಟಿದ್ದರು. ನಿಂತರು. "ಅಮ್ಮಾ, ಅದನ್ನ ಇತ್ಲಾಗೆ ಕೊಡ್ರಿ," ಅಂದರು. ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹೋಗಿ ಓದಿದರು. ಸ್ಟುಡಿಯೋದ ಹೆಸರು, ಊರು, ಮಧ್ಯದಲ್ಲಿ ಶಾಯಿಯಲ್ಲಿ ಬರೆದ ತಾರೀಖು: 14-5-41. ಜೇಬಿನಿಂದ ತಮ್ಮ ಚೀಟಿ ಪುಸ್ತಕ ತೆಗೆದು, ಅಚ್ಚುಗಳ ತಾರೀಖು ಬರೆದುಕೊಂಡ ಪುಟ ನೋಡಿದರು. 2-5-41.

"ಉಜ್ಜಪ್ಪ, ಇಷ್ಟು ವರ್ಷ ಇದರ ಕೆಳಗೇ ಕೂತು ಕಾಫಿ ಕುಡಿದೀಯಲ್ಲ. ಇದರ ಹಿಂದೆ ಏನೈತಿ ಅಂತ ಯಾವತ್ತಾದ್ರೂ ನೋಡಿದೇನೋ?"

"ನಾನು ಹಲ್ಲು ನೋಡ್ತಿದ್ದೆ ರೀ," ಅಂದ ಉಜ್ಜಪ್ಪ.

"ಅಮ್ಮಾ, ನೀವು ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳ್ರಿ. ನಿಧಾನಕ್ಕೆ. ಬರಕಂತೀನಿ."

"ಊಟ ಮಾಡ್ರಿ ಮೊದಲು. ಎಲೆ ಹಾಕೈತಿ. ಇಷ್ಟು ದಿನ ಯಾರೂ ನನ್ನ ಕೇಳಲಿಲ್ಲ, ಇನ್ನೊಂದು ಗಂಟೆಗೆ ಏನಾಗ್ತತಿ?"

ಅದು ನಿಜವಾಗಿತ್ತು. ಇಷ್ಟು ದಿನ ಉಜ್ಜಪ್ಪ, ಶೇಕ್ದಾರರು ಇಬ್ಬರೂ ಹಲ್ಲು ಇಟ್ಟುಕೊಂಡವರ ಹೇಳಿಕೆಗಾಗಿ ಓಡಾಡಿದ್ದರು. ಹಲ್ಲನ್ನು ದಿನಾ ತೊಳೆದವರನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಊಟದ ನಂತರ ಪಡಸಾಲೆಯಲ್ಲಿ, ಹಲ್ಲು ಕಟ್ಟಿದವನು ಉಜ್ಜಪ್ಪನೇ ಎಂಬುದೂ ಸೇರಿ, ರಾಜೇಶ್ವರಮ್ಮನವರ ಹೇಳಿಕೆ ಬರೆದರು. ಶೇಕ್ದಾರರು ಪ್ರ‍ಶ್ನೆಯೊಂದಕ್ಕೆ ಎರಡು ಸಲ ಉತ್ತರ ಕೇಳಿದರು. ಫೋಟೋಕ್ಕೆ ಮುಂಚೆ ಗೌಡರ ಬಾಯಲ್ಲಿ ಹಲ್ಲಿರಲಿಲ್ಲ ಎಂಬುದಕ್ಕೆ ಏನು ಆಧಾರ ಎಂದಾಗ, ಪರಮಶಿವಪ್ಪ ಒಳಗಿನಿಂದ 1939ರ ಸೊಸೈಟಿ ಸದಸ್ಯರ ಗುಂಪು ಫೋಟೋ ತಂದ. ಎರಡನೆಯ ಸಾಲಿನಲ್ಲಿ ಟವೆಲ್ಲಿನಿಂದ ಬಾಯಿ ಮರೆಮಾಡಿಕೊಂಡು ನಿಂತಿದ್ದವರು ಒಬ್ಬರೇ. ಕೊನೆಯಲ್ಲಿ ಶೇಕ್ದಾರರು ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು: 'ಸದರಿ ದಂತಪಂಕ್ತಿಗಳನ್ನು ಅರ್ಜಿದಾರನು ದಿನಾಂಕ 27-3-58ರಂದು ಮೃತರ ಬಾಯಲ್ಲಿ ಕೂರಿಸಿದ್ದನ್ನು ನಾನು ಖುದ್ದಾಗಿ ನೋಡಿರುತ್ತೇನೆ. ಮೃತರನ್ನು ದಂತಪಂಕ್ತಿ ಸಮೇತ ಸಮಾಧಿ ಮಾಡಲಾಗಿರುವುದರಿಂದ ಅವುಗಳನ್ನು ಹಾಜರುಪಡಿಸಲು ಬರುವುದಿಲ್ಲ.' ರಾಜೇಶ್ವರಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಕೇಳಿ ಪಡೆದು ರುಜು ಹಾಕಿದರು.

"ಫೋಟೋ ಯಾವಾಗ ವಾಪಸ್ ಕೊಡ್ತೀರಿ?" ಎಂದು ಕೇಳಿದರು.

"ಬೆಂಗಳೂರಿಗೆ ಹೋಗಿ ಬರಬೇಕಮ್ಮ."

"ನಗ್ತಾ ಇರೋದು ಅದೊಂದೇ ಐತಿ. ಹುಷಾರ್ರಿ."

ವರದಿ ಏಪ್ರಿಲ್ ಹದಿನೈದಕ್ಕೆ ಹೋಯಿತು. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಒಂದು ಸ್ಪಷ್ಟೀಕರಣ ಕೇಳಿ ಕಾಗದ ಬಂತು: ಚೀನೀ ಪತ್ರದ ಭಾಷಾಂತರ ಇನ್ನೂ ತಲುಪಿಲ್ಲ. ಭಾಷಾಂತರಕಾರರು ಈ ತಾಲ್ಲೂಕಿನಲ್ಲಿ ಲಭ್ಯವಿಲ್ಲ ಎಂದು ಶೇಕ್ದಾರರು ಉತ್ತರ ಬರೆದರು. ಜೂನ್ ಇಪ್ಪತ್ತರಂದು ಅದೇ ಅಂಚೆಯವನು ಅದೇ ತರಹದ ಲಕೋಟೆ ತಂದ. ಉಜ್ಜಪ್ಪನ ಹೆಸರು ಪಟ್ಟಿಯ ಎರಡನೆಯ ಭಾಗಕ್ಕೆ ಸೇರಿತ್ತು. ಸಂಖ್ಯೆಯೂ ಇತ್ತು. ಹಲಗೆಯ ಮೇಲೆ ಹೆಸರಿನ ಪಕ್ಕದಲ್ಲಿ ಆ ಸಂಖ್ಯೆಯನ್ನು ಬರೆಯಲು ಜಾಗ ಸಾಲಲಿಲ್ಲ. ಪೇಂಟರು ಅದನ್ನು ಕೆಳಗೆ, 'ಕಟ್ಟಲಾಗುವುದು' ಎಂಬುದರ ಮುಂದೆ ಬರೆದ. ಎರಡೂ ಫೋಟೋಗಳು ಬಟ್ಟೆಯಲ್ಲಿ ಹೊಲಿದ ಪಾರ್ಸಲ್ಲಿನಲ್ಲಿ ತಾಳಗುಂದಕ್ಕೆ ವಾಪಸು ಬಂದವು.

ಜುಲೈ ಮೊದಲ ವಾರ ಸೊರಬದ ಬಸ್ಸಿನ ಕಂಡಕ್ಟರ್ ಒಂದು ಪೊಟ್ಟಣ ತಂದು ಉಜ್ಜಪ್ಪನ ಮೇಜಿನ ಮೇಲಿಟ್ಟ. ಕಳಿಸಿದವರು ಹೆಸರು ಹೇಳಬೇಡ ಅಂದಿದ್ದಾರೆ ಎಂದ. ಒಳಗೆ, ಎಡಗಡೆ ಸೀಳಿ ಎರಡು ತುಂಡಾದ ಒಂದು ಮೇಲಿನ ಸೆಟ್ ಇತ್ತು. ಉಜ್ಜಪ್ಪ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಏಳರಲ್ಲಿ ಒಂದು ಅಚ್ಚನ್ನು ತೆಗೆದ. ಶನಿವಾರದ ಬಸ್ಸಿಗೆ ಸೆಟ್ ರಿಪೇರಿಯಾಗಿ ಸೊರಬಕ್ಕೆ ಹೋಯಿತು. ಅಚ್ಚಿನ ಬುಡದಲ್ಲಿ ಹಳೆಯ ತಾರೀಖಿನ ಕೆಳಗೆ ಅವನು ಹೊಸ ತಾರೀಖನ್ನು ಕೊರೆದ. ಹೆಸರು ಕೊರೆಯಲಿಲ್ಲ.